ಮಾವನವರ ಮೂರನೆಯ ಮಗಳಿಗೆ ಟೈರು

ಹೆಣ್ಣು ಕೊಟ್ಟ ಮಾವ ಕಾರನ್ನೂ ಕೊಟ್ಟರೆ ಅಳಿಯನ ಅದೃಷ್ಟ ಖುಲಾಯಿಸಿತು ಎಂದು ನೀವೆಲ್ಲ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಆ ಕಾರಿನ ಚಕ್ರ ನಮ್ಮ ಮನೆಯ ಬಾಣಲೆಗಿಂತ ಚಿಕ್ಕದು ಎಂಬುದನ್ನು ತಿಳಿದುಕೊಂಡು ಆಮೇಲೆ ಮಾತಾಡಿ. (ಉತ್ಪ್ರೇಕ್ಷೆಯಲ್ಲ. ನನ್ನ ಹೆಂಡತಿ ಬಾಣಲೆ ತಂದು ಪಕ್ಕದಲ್ಲಿಟ್ಟು ಅಳೆದಳು. ಬಾಣಲೆ ಗೆದ್ದಿತು.)

ಮಾವನವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ನನ್ನ ಷಡ್ಡಕನ ಪಾಲಿಗೆ, ಕಿರಿಯವಳು ನನ್ನ ಪಾಲಿಗೆ. ಈ ಹಳೆಯ ಕಾರು ಅವರ ಮೂರನೆಯ ಮಗಳಂತೆ. ಕೀಲಿಕೈ ಕೊಡುವಾಗ ಅವರ ಕಣ್ಣು ಒದ್ದೆಯಾಗಿತ್ತು. (ನನ್ನ ಮದುವೆಯ ದಿನ ಆಗಿರಲಿಲ್ಲ.)

“ಅಳಿಯಂದಿರೇ, ಬರೋ ಭಾನುವಾರ ಇದೇ ಕಾರಲ್ಲಿ ನನ್ನನ್ನ ಇಸ್ಪೀಟ್ ಕ್ಲಬ್ಬಿಗೆ ಬಿಡ್ಬೇಕು. ನಿಮ್ಮ ಕೈಲಿ ಆಗದಿದ್ರೆ ಹೇಳ್ಬಿಡಿ, ಸಂಕೋಚ ಬೇಡ. ಇವಳನ್ನ ವಾಪಸ್ ಕರ್ಕೊಂಡು ಹೋಗ್ತೀನಿ. ದೊಡ್ಡಳಿಯ ಇದ್ದೇ ಇದಾರೆ.”

‘ದೊಡ್ಡಳಿಯ ಇದ್ದೇ ಇದಾರೆ’ ಎಂಬ ಈ ಮಂತ್ರ ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ. ಸಂಬಳ, ಎತ್ತರ, ತಲೆಗೂದಲು, ಯಾವುದನ್ನೇ ತೆಗೆದುಕೊಳ್ಳಿ, ಷಡ್ಡಕನದು ನನಗಿಂತ ಒಂದು ಕೈ ಮೇಲು. ಅವನ ಕಾರಿನ ಬಾಗಿಲು ಹಾಕಿದರೆ ಸದ್ದೇ ಬರುವುದಿಲ್ಲ. (ಹೊಟ್ಟೆಕಿಚ್ಚು ತಡೆಯಲಾರದೆ ನಾನೇ ಹಾಕಿ ತೆಗೆದು ನೋಡಿದ್ದೇನೆ.) ಏನೇ ಆಗಲಿ, ಈ ಮೂರನೆಯ ಮಗಳನ್ನು ಮಾತ್ರ ಅವನಿಗೆ ಬಿಟ್ಟುಕೊಡಕೂಡದು ಎಂದು ಅವತ್ತೇ ಭೀಷಣ ಪ್ರತಿಜ್ಞೆ ಮಾಡಿಬಿಟ್ಟೆ.

ಕಾರೇನೋ ಸ್ಟಾರ್ಟ್ ಆಯಿತು. ಆದರೆ ವರ್ಷಾನುಗಟ್ಟಲೆ ಶೆಡ್ಡಿನಲ್ಲಿ ನಿಂತು ಟೈರುಗಳು ಒಡೆದ ಹಿಮ್ಮಡಿಯ ಹಾಗಾಗಿದ್ದವು. ಹೊಸ ಟೈರು ಹುಡುಕಿಕೊಂಡು ಹೊರಟೆ.

“ಎಷ್ಟಿಂಚು ಸಾರ್?” ಎಂದ ಮೊದಲನೆಯ ಅಂಗಡಿಯವನು.

“ಹತ್ತು.”

“ಆಟದ ಸಾಮಾನಿನ ಅಂಗಡಿ ಎದುರುಗಡೆ ಇದೆ ನೋಡಿ.”

ಎರಡನೆಯವನು ಸಹೃದಯಿ. “ಆ ಅಳತೆಯದು ಈಗ ಯಾರು ಮಾಡ್ತಾರೆ ಸಾರ್? ಸುಮ್ನೆ ಮಾರಿ ಕೈತೊಳ್ಕೊಳ್ಳಿ,” ಎಂದ.

“ಛೆ, ಅವಳು ನಮ್ಮ ಮಾವನ ಮಗಳು ಕಣ್ರೀ!” ಎಂದೆ. ಅವನು ನನ್ನನ್ನೇ ನೋಡುತ್ತ ನಿಧಾನವಾಗಿ ಷಟರ್ ಎಳೆದುಕೊಂಡ.

ಮೂರನೆಯ ಅಂಗಡಿಯ ಮುದುಕರು “ತರಿಸೋಣ, ಬಂದಾಗ ಬರುತ್ತೆ” ಎಂದು ನನ್ನ ಫೋನ್ ನಂಬರ್ ಬರೆದುಕೊಂಡರು. ಬಂದಾಗ ಬಂದರೆ ನನ್ನ ಭಾನುವಾರದ ಗತಿ? ಕೊನೆಗೆ ಸಾಮಾನು ಸಾಗಿಸುವ ಟ್ರೈಲರುಗಳ ಅಂಗಡಿಯಲ್ಲಿ ನಾಲ್ಕು ಟೈರು ಸಿಕ್ಕವು. “ಒಳಗೆ ಹತ್ತೇ ಇಂಚು ಸಾರ್. ಹೊರಗಡೆ ಸ್ವಲ್ಪ ಪುಷ್ಟಿಯಾಗಿದೆ, ಅಷ್ಟೇ,” ಎಂದ ಆ ಪುಣ್ಯಾತ್ಮ.

ಶನಿವಾರ ಸಂಜೆ ಮೆಕ್ಯಾನಿಕ್ ಅವನ್ನು ಹಾಕಿದ. ಕಾರು ಸ್ಟೂಲಿನ ಮೇಲೆ ಹತ್ತಿ ನಿಂತಂತೆ ಎತ್ತರವಾಯಿತು. ನನಗೂ ಎದೆ ಉಬ್ಬಿತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ, ಬೆಣ್ಣೆಯಂತೆ ತಿರುಗಿತು. ಬಲಕ್ಕೆ ತಿರುಗಿಸಿದೆ, ‘ಕರ್ರ್ರ್’ ಎಂದು ಅಲ್ಲೇ ಕಚ್ಚಿಕೊಂಡಿತು.

ಮೆಕ್ಯಾನಿಕ್ ಬಗ್ಗಿ ನೋಡಿದ. “ಟೈರು ದಪ್ಪ ಆಯ್ತು ಸಾರ್, ಮಡ್‌ಗಾರ್ಡಿಗೆ ಸಿಕ್ಕಾಕ್ಕೊಳ್ಳುತ್ತೆ. ಎಡಕ್ಕೆ ಪರವಾಗಿಲ್ಲ. ಬಲಕ್ಕೆ ಆಗಲ್ಲ, ಆ ಕಡೆ ತಗಡು ಒಳಗೆ ಹೋಗಿದೆ. ಯಾರೋ ಈಚೆಗೆ ಗೇಟಿಗೆ ಗುದ್ದಿದಾರೆ.”

ಹೆಂಡತಿ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

“ತಗಡು ಒಂಚೂರು ಕತ್ತರಿಸಿದ್ರೆ ಸರಿಹೋಗುತ್ತೆ,” ಎಂದ ಅವನು.

“ನಮ್ಮಪ್ಪನ ಕಾರಿಗೆ ಕತ್ತರಿ ಹಾಕಿದ್ರೆ ನಾನು ಮೀಸೆಗೆ ಹಾಕ್ತೀನಿ!” ಎಂದಳು ಇವಳು. ಯಾರ ಮೀಸೆ ಎಂದು ಹೇಳಲಿಲ್ಲವಾದ್ದರಿಂದ ನಾನೂ ಮೆಕ್ಯಾನಿಕ್ಕೂ ಒಟ್ಟಿಗೇ ಕೈಯಿಂದ ಮೀಸೆ ಮುಚ್ಚಿಕೊಂಡೆವು.

“ಹಾಗಾದ್ರೆ ಹೋಗೋದು ಹೇಗೆ? ನಿಮ್ಮ ಭಾವನಿಗೇ ಫೋನ್ ಮಾಡು. ಬಂದು ತಗೊಂಡು ಹೋಗ್ಲಿ!” ಎಂದೆ ಹೆಂಡತಿಗೆ.

“ಅಳಬೇಡಿ. ಮೂರು ಸಲ ಎಡಕ್ಕೆ ತಿರುಗಿದ್ರೆ ಒಂದು ಸಲ ಬಲಕ್ಕೆ ತಿರುಗಿದ ಹಾಗೇ ಅಲ್ವೇನ್ರೀ?”

ಅಂಗೈಯ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿದೆ. ಹೌದು! ಇಂಥ ಮೇಧಾವಿಯನ್ನು ಮನೆಯಲ್ಲಿಟ್ಟುಕೊಂಡು ನಾನು ಮೆಕ್ಯಾನಿಕ್ಕನ್ನು ಕರೆಸಿದ್ದೆನಲ್ಲ!

ಭಾನುವಾರ ಮಾವನವರು ಹಿಂದಿನ ಸೀಟಿನಲ್ಲಿ ಮಹಾರಾಜರಂತೆ ಕುಳಿತರು. ಕ್ಲಬ್ಬಿನ ದಾರಿಯಲ್ಲಿ ಬಲತಿರುವು ಇರುವುದು ಎರಡೇ. ನಮ್ಮ ಲೆಕ್ಕದಲ್ಲಿ ಆರು ಎಡ. ಹೆಂಡತಿ ಪಕ್ಕದಲ್ಲಿ ಕುಳಿತು ಪಿಸುಮಾತಿನಲ್ಲಿ “ಎಡ... ಎಡ... ಈಗ್ಲೂ ಎಡ...” ಎಂದು ಜಪ ಮಾಡುತ್ತಿದ್ದಳು. ಮೂಲೆಯ ಕ್ಷೌರದಂಗಡಿಯನ್ನು ಮೊದಲ ಸಲ ದಾಟಿದಾಗ ಗಿರಾಕಿಯ ಮುಖದ ತುಂಬ ನೊರೆ ಇತ್ತು. ಎರಡನೆಯ ಸಲ ಅರ್ಧ ಮುಖ ಬೆಳಗಿತ್ತು. ಆಮೇಲೆ ಒಂದು ಅಡ್ಡರಸ್ತೆ ತಪ್ಪಿಹೋಯಿತು. ಮತ್ತೆ ಬಂದಾಗ ಆತ ಕನ್ನಡಿಯಲ್ಲಿ ಗಲ್ಲ ನೋಡಿಕೊಳ್ಳುತ್ತಿದ್ದ.

“ಏನ್ರೀ ಅಳಿಯಂದಿರೇ, ಈ ಅಂಗಡಿ ಆಗ್ಲೇ ನೋಡಿದ ಹಾಗಿದೆಯಲ್ಲ?”

“ಬ್ರಾಂಚ್ ಇರ್ಬೇಕು ಮಾವ,” ಎಂದೆ ಬೆವರೊರೆಸಿಕೊಳ್ಳುತ್ತ.

ಕ್ಷೌರಿಕ ಕತ್ತಿ ಎತ್ತಿ ನಮಸ್ಕರಿಸಿದ. ಮಾವನವರೂ ಕೈ ಎತ್ತಿದರು. ಅಂತೂ ಇಂತೂ ಕ್ಲಬ್ಬಿನ ಮುಂದೆ ಗಾಡಿ ನಿಂತಿತು. ಇನ್ನೇನು ‘ದೊಡ್ಡಳಿಯ’ ಎನ್ನುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಹೆಗಲ ಮೇಲೆ ಕೈ ಬಿತ್ತು.

“ಇಷ್ಟು ಅಕ್ಕರೆಯಿಂದ ನನ್ನನ್ನ ಯಾರೂ ಸುತ್ತಾಡಿಸಿರ್ಲಿಲ್ಲ ಕಣ್ರೀ. ದೊಡ್ಡಳಿಯ ಐದು ನಿಮಿಷಕ್ಕೆ ತಂದು ಬಿಸಾಕಿ ಹೋಗ್ತಾರೆ. ಇವಳು ನಿಮ್ಮ ಹತ್ರಾನೇ ಇರ್ಲಿ.”

ಆ ರಾತ್ರಿ ನಾನು ನೆಲದ ಮೇಲೆ ನಡೆಯಲಿಲ್ಲ. ಪ್ರತಿ ಭಾನುವಾರವೂ ಇದೇ ಪ್ರದಕ್ಷಿಣೆ ನಡೆಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಖಿ. ಆದರೆ ಒಂದು ದಿನ ಮೂರನೆಯ ಅಂಗಡಿಯ ಆ ಮುದುಕರು ಫೋನ್ ಮಾಡಿದರು: “ನಿಮ್ಮ ಟೈರು ಬಂತು. ಹೇಳಿ ಮಾಡಿಸಿದ ಹಾಗಿದೆ.” ಓಡಿದೆ, ತಂದೆ, ಹಾಕಿಸಿದೆ. ಕಾರು ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು. ಭಾನುವಾರ ಕಣ್ಣುಮುಚ್ಚಿ ತೆರೆಯುವುದರೊಳಗೆ ಕ್ಲಬ್ ತಲುಪಿದೆವು.

ಮಾವನವರು ಇಳಿಯಲಿಲ್ಲ.

“ಇಷ್ಟು ಬೇಗ ಇಳಿಸ್ತಿದೀರಲ್ಲ, ನಾನು ಭಾರ ಆದ್ನಾ?”

“ಅಯ್ಯೋ, ಎಲ್ಲಾದ್ರೂ ಉಂಟೇ ಮಾವ!” ಎಂದು ಬೇಕೆಂದೇ ಇನ್ನೊಂದು ಸುತ್ತು ಹೊಡೆಸಿದೆ. ಅವರು ಕಿಟಕಿಯಲ್ಲಿ ಹಣಕಿ ಹಣಕಿ ನೋಡಿದರು.

“ಕ್ಷೌರದವನ ಮುಖ ಎಲ್ಲಿ? ಬರೀ ಜನರ ಸೊಂಟ ಕಾಣಿಸ್ತಿದೆ! ಟೈರು ಬದಲಾಯಿಸಿದ್ರಾ?”

“ಹೌದು ಮಾವ. ಇದೇ ಈ ಕಾರಿನ ಸರಿಯಾದ...”

“ನನಗೆ ಹೇಳ್ಕೊಡ್ತೀರಾ? ಇವಳನ್ನ ಸಾಕಿದ್ದು ನಾನು! ಈ ಟೈರು ಇವಳದ್ದಲ್ಲವೇ ಅಲ್ಲ. ಯಾವನೋ ನಿಮಗೆ ಟೋಪಿ ಹಾಕಿದಾನೆ. ಹಳೇದನ್ನೇ ಹಾಕ್ಸಿ. ಆಗದಿದ್ರೆ ಹೇಳ್ಬಿಡಿ, ದೊಡ್ಡಳಿಯ ಇದ್ದೇ ಇದಾರೆ.”

ಹೀಗಾಗಿ, ನಾನು ಊರೆಲ್ಲ ಅಲೆದು ಸಂಪಾದಿಸಿದ ಆ ಸರಿಯಾದ ಟೈರುಗಳು ಈಗ ನಮ್ಮ ಮಂಚದ ಕೆಳಗಿವೆ. ದಪ್ಪ ಟೈರುಗಳು ಮತ್ತೆ ಕಾರಿಗೆ ಏರಿವೆ.

“ಇನ್ನು ಜೀವಮಾನ ಪೂರ್ತಿ ನಾನು ಒಂದೇ ಕಡೆಗೆ ತಿರುಗ್ತಾ ಇರ್ಬೇಕೇನೇ?” ಎಂದು ಗೋಳಾಡಿದೆ.

“ಮದುವೆ ಆದಾಗಿನಿಂದ ನಾನು ಹೇಳಿದ ಕಡೆಗೇ ತಾನೇ ತಿರುಗ್ತಿರೋದು? ಇದರಲ್ಲಿ ಹೊಸದೇನಿದೆ?” ಎಂದಳು ಹೆಂಡತಿ. “ಏಳಿ, ಅಪ್ಪ ಕಾಯ್ತಿದಾರೆ. ಗೇಟ್ ದಾಟಿದ ತಕ್ಷಣ ಎಡಕ್ಕೆ.”