ಶಿಸ್ತು ಸಮಿತಿಯ ಅಧ್ಯಕ್ಷರು ಕಟ್ ಮಾಡಿದ ಕರೆ

ಶಿಸ್ತಿನ ವಿಷಯದಲ್ಲಿ ನನಗೆ ನನ್ನ ಮೇಲೆ ಅಪಾರ ವಿಶ್ವಾಸವಿತ್ತು. ಭದ್ರಾವತಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ನಾನು ಬರುವುದು ಕಂಡರೆ ವರಾಂಡದಲ್ಲಿದ್ದ ಹುಡುಗರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಭಯಭಕ್ತಿಯಿಂದ ಹೋಗುತ್ತಾರೆ ಎಂದುಕೊಂಡಿದ್ದೆ. ಸಿಕ್ಕಿದವರಿಗೆ ನಿಂತಲ್ಲೇ ಪಾಠ ಶುರು ಮಾಡುತ್ತೇನೆಂಬ ಭಯಕ್ಕೆ ಹೋಗುತ್ತಿದ್ದರಂತೆ. ಇದು ತಡವಾಗಿ ತಿಳಿಯಿತು.

ಆಗಷ್ಟೇ ಮೊಬೈಲಿಗೆ ಒಳಬರುವ ಕರೆ ಪುಕ್ಕಟೆಯಾಗಿತ್ತು. ಅಡಿಕೆ ಮಂಡಿಯವರ ಜೇಬಿನಲ್ಲಿದ್ದ ಫೋನು ಅವರ ಮಕ್ಕಳ ಜೇಬಿಗೆ ಇಳಿಯಿತು. ಅಲ್ಲಿಂದ ನೇರವಾಗಿ ನನ್ನ ತರಗತಿಗೆ ಬಂತು. ನಾನು ಪಾಣಿಪತ್ ಕದನದ ನಟ್ಟನಡುವೆ ಇದ್ದಾಗ ಹಿಂದಿನ ಬೆಂಚಿನ ಚೀಲವೊಂದರಲ್ಲಿ ವಾಲಗ ಶುರುವಾಗುತ್ತಿತ್ತು. ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಅದು ನನ್ನ ತತ್ತ್ವಕ್ಕೆ ವಿರುದ್ಧ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದ್ದೆ. ಅದನ್ನು ಬಳಸಲು ಬರುವುದಿಲ್ಲ ಎಂಬ ಸಣ್ಣ ವಿವರ ನನಗೂ ನನ್ನ ಹೆಂಡತಿ ಗಿರಿಜೆಗೂ ಮಾತ್ರ ಗೊತ್ತಿತ್ತು.

ಆ ವರ್ಷ ನಮ್ಮ ಪ್ರಾಂಶುಪಾಲರು ನಿವೃತ್ತರಾಗುವವರಿದ್ದರು. ಹಿರಿತನದಲ್ಲಿ ನಾನೇ ಮುಂದಿದ್ದೆ, ನನ್ನ ಹಿಂದೆಯೇ ಇಂಗ್ಲಿಷಿನ ಸುಮಾ ಮೇಡಂ ಇದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಬಸವರಾಜಪ್ಪನವರು ಅಕ್ಕಿ ಗಿರಣಿ ನಡೆಸುವವರು, ಮಾತು ಕಡಿಮೆ. ಒಂದು ದಿನ ನನ್ನನ್ನು ಕರೆದು ಹೇಳಿದರು, "ಮೇಷ್ಟ್ರೇ, ಈ ಮೊಬೈಲ್ ಹಾವಳಿ ನಿಲ್ಲಿಸ್ಬೇಕು. ಶಿಸ್ತು ಸಮಿತಿಗೆ ನಿಮ್ಮನ್ನೇ ಅಧ್ಯಕ್ಷರನ್ನ ಮಾಡ್ತೀನಿ. ಇದೊಂದು ಮಾಡಿ ತೋರ್ಸಿ. ಪ್ರಿನ್ಸಿಪಾಲ್ ವಿಚಾರ ಆಮೇಲೆ ಕೂತು ಮಾತಾಡೋಣ."

ಸಮಿತಿಯಲ್ಲಿ ಅಧ್ಯಕ್ಷನನ್ನು ಬಿಟ್ಟು ಬೇರೆ ಸದಸ್ಯರಿರಲಿಲ್ಲ. ನನಗೆ ಅದೂ ಇಷ್ಟವಾಯಿತು.

ಮರುದಿನವೇ ಕಾಲೇಜಿನ ಎಲ್ಲ ತರಗತಿಗಳ ಮೇಲೂ ದಾಳಿ ನಡೆಸಿದೆ. ಚಿತ್ರಾನ್ನದ ಡಬ್ಬಿಯ ತಳದಲ್ಲಿ ಫೋನ್ ಇತ್ತು. ಕಾಲುಚೀಲದಲ್ಲಿ ಇತ್ತು. ಒಬ್ಬನದು ನಾನು ಬರೆಸಿದ್ದ ನೋಟ್ಸಿನ ನಡುವೆ ಇತ್ತು, ಅಲ್ಲಿ ಯಾರೂ ತೆರೆದು ನೋಡುವುದಿಲ್ಲವೆಂಬ ಧೈರ್ಯದಿಂದ. ತಂದೆಯೇ ಖುದ್ದಾಗಿ ಬಂದರೆ ಮಾತ್ರ ವಾಪಸ್ಸು ಎಂದು ಆಜ್ಞೆ ಹೊರಡಿಸಿದೆ. ಹುಡುಗರು ಗೋಗರೆದರು, ಹುಡುಗಿಯರು ಕಣ್ಣೀರು ಹಾಕಿದರು.

ಅಂತಿಮ ಬಿ.ಕಾಂ.ನ ವೀಣಾ ಮಾತ್ರ ನಗುನಗುತ್ತಾ ತಾನಾಗಿಯೇ ಫೋನ್ ತಂದುಕೊಟ್ಟಳು. ಅವಳದು ಹೊಳೆಹೊನ್ನೂರು, ಇಲ್ಲಿ ಹಾಸ್ಟೆಲ್ಲಿನಲ್ಲಿ ಇದ್ದಳು.

"ತಗೊಳ್ಳಿ ಸರ್. ಇವತ್ತು ಸಂಜೆ ಎಲ್ಲಾ ನಿಮ್ಮ ಹತ್ರಾನೇ ಇರ್ಲಿ" ಎಂದಳು.

"ನೋಡ್ರೋ, ಗುರುಹಿರಿಯರಿಗೆ ಗೌರವ ಅಂದ್ರೆ ಇದು" ಎಂದು ಅವಳನ್ನು ಇಡೀ ತರಗತಿಗೆ ಮಾದರಿಯಾಗಿ ತೋರಿಸಿದೆ.

ಫೋನುಗಳನ್ನು ಸ್ಟಾಫ್ ರೂಮಿನ ಬೀರುವಿನಲ್ಲಿ ಇಡೋಣವೆಂದರೆ ಅದರ ಬೀಗ ಕೆಟ್ಟಿತ್ತು. ಎಲ್ಲವನ್ನೂ ನನ್ನ ಚೀಲಕ್ಕೆ ತುಂಬಿಕೊಂಡೆ. ಸುಮಾ ಮೇಡಂ ನೋಡಿ, "ಸರ್, ಎಲ್ಲಾ ಸ್ವಿಚ್ ಆಫ್ ಮಾಡ್ಕೊಂಡು ಹೋಗಿ" ಎಂದರು. ಹೇಗೆಂದು ಕೇಳಿದ್ದರೆ ತೋರಿಸಿಕೊಡುತ್ತಿದ್ದರು. ಆದರೆ ಪ್ರಾಂಶುಪಾಲನಾಗಲಿರುವವನು ಕೇಳುವ ಪ್ರಶ್ನೆಯೇ ಅದು? "ಎಲ್ಲಾ ಆಗಿದೆ ಮೇಡಂ" ಎಂದು ಶಿವಮೊಗ್ಗದ ಬಸ್ಸು ಹತ್ತಿದೆ. ನನ್ನ ಮನೆ ಅಲ್ಲಿ.

ಬಸ್ಸು ಭದ್ರಾವತಿ ದಾಟುವವರೆಗೆ ಫೋನುಗಳು ಸಭ್ಯವಾಗಿದ್ದವು. ಮಲವಗೊಪ್ಪ ಹತ್ತಿರ ಬರುವಾಗ ಮೊದಲನೆಯದು ಕೂಗಿತು. ಕೂಗುತ್ತಿರುವುದು ಯಾವುದೆಂದು ಹುಡುಕುವಷ್ಟರಲ್ಲಿ ಇನ್ನೊಂದು ಸೇರಿಕೊಂಡಿತು. ನನ್ನ ತೊಡೆಯ ಮೇಲಿನ ಚೀಲ ಹಾಡುತ್ತಿತ್ತು, ಜೊತೆಗೆ ನಡುಗುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

"ಏನ್ ಮೇಷ್ಟ್ರೇ, ಪಾಠ ಬಿಟ್ಟು ಮೊಬೈಲ್ ಅಂಗಡಿ ಹಾಕಿದ್ರಾ?" ಎಂದು ಕಂಡಕ್ಟರ್ ಕೇಳಿದ.

ಚೀಲದೊಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ ಫೋನಿನಲ್ಲಿ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ ಕಂಡವು. ಕೆಂಪೆಂದರೆ ನಿಲ್ಲು ಎಂದು ಎಂಥವನಿಗೂ ಗೊತ್ತು. ಒತ್ತಿದೆ. ನಿಂತಿತು! ಆ ಕ್ಷಣದ ಆನಂದ ಹೇಳಲಾರೆ. ವರ್ಷಗಟ್ಟಲೆ ತರಗತಿಯಲ್ಲಿ ಕಿರುಚಿದರೂ ಸಿಗದ ವಿಧೇಯತೆ ಒಂದು ಗುಂಡಿಯಲ್ಲಿ ಸಿಕ್ಕಿತ್ತು. ಎರಡನೆಯದನ್ನೂ ಕತ್ತರಿಸಿದೆ. ಮೂರನೆಯದು ಕೂಗಿತು, ಪರದೆಯ ಮೇಲೆ 'ಅಮ್ಮ' ಎಂದಿತ್ತು. ಕಾನೂನಿನ ಮುಂದೆ ಅಮ್ಮನೂ ಒಂದೇ, ಅಪ್ಪನೂ ಒಂದೇ. ಅದನ್ನೂ ಕತ್ತರಿಸಿದೆ.

ಮನೆಗೆ ಬಂದು ಫೋನುಗಳನ್ನು ಊಟದ ಮೇಜಿನ ಮೇಲೆ ಸುರಿದಾಗ ಗಿರಿಜೆ ಸೊಪ್ಪು ಬಿಡಿಸುತ್ತಿದ್ದಳು.

"ಏನ್ರೀ ಇದು?"

"ವಶಪಡಿಸಿಕೊಂಡ ಮಾಲು" ಎಂದೆ ಗಂಭೀರವಾಗಿ. ಅಷ್ಟರಲ್ಲಿ ಒಂದು ಕೂಗಿತು. ನುರಿತವನ ಗತ್ತಿನಲ್ಲಿ ಕೆಂಪು ಗುಂಡಿ ಒತ್ತಿದೆ.

ಗಿರಿಜೆ ಸೊಪ್ಪು ಬಿಟ್ಟು ಎದ್ದಳು. "ಅಯ್ಯೋ, ಕಟ್ ಯಾಕೆ ಮಾಡಿದ್ರಿ? ಮಿಸ್ ಕಾಲ್ ಇರುತ್ತೆ ಅದು. ನಮ್ಮಣ್ಣನ ಮನೇಲಿ ಅಣ್ಣ ಮಿಸ್ ಕಾಲ್ ಕೊಟ್ಟಾಗ ಅತ್ತಿಗೆ ಕಟ್ ಮಾಡಿದ್ರೆ ಹಾಲು ತರ್ಬೇಕು ಅಂತ. ಕಟ್ ಮಾಡ್ಲಿಲ್ಲ ಅಂದ್ರೆ ಬೇಡ ಅಂತ. ಒಂದೊಂದು ಮನೇಲಿ ಒಂದೊಂದು ಲೆಕ್ಕ ಇರುತ್ತೆ ರೀ."

"ಹಾಲು ತಂದ್ರೆ ತರ್ಲಿ ಬಿಡು ಮಾರಾಯ್ತಿ. ಹಾಲು ಹೆಚ್ಚಾಗಿ ಯಾರೂ ಹಾಳಾಗಿಲ್ಲ" ಎಂದೆ.

ನನಗೆ ಈ ಲೋಕವ್ಯವಹಾರ ಗೊತ್ತಿರಲಿಲ್ಲ. ಮಾತಾಡಿದರೆ ದುಡ್ಡು, ಮಾತಾಡದಿದ್ದರೆ ಪುಕ್ಕಟೆ. ಹಾಗಾಗಿ ನಮ್ಮ ಜಿಲ್ಲೆಯ ಜನ ಮಾತೇ ಆಡದೆ ಸಂಸಾರ ನಡೆಸುವುದನ್ನು ಕಲಿತುಬಿಟ್ಟಿದ್ದರು. ಗಿರಿಜೆ ಎಲ್ಲ ಫೋನುಗಳನ್ನೂ ಒಂದೊಂದಾಗಿ ಆಫ್ ಮಾಡಿಟ್ಟಳು. ನಾನು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಕಾಲೇಜಿಗೆ ಹೋದರೆ ಪ್ರಾಂಶುಪಾಲರ ಕೋಣೆಯ ಮುಂದೆ ತಂದೆಯಂದಿರ ಸಾಲು ನಿಂತಿತ್ತು. ಒಳಗೆ ಕಾರ್ಯದರ್ಶಿಗಳೂ ಬಂದು ಕುಳಿತಿದ್ದರು. ಒಬ್ಬ ತಂದೆ, ಮಗ ಕಟ್ ಮಾಡಿದನೆಂದು ಬಸ್ ಸ್ಟ್ಯಾಂಡಿನಲ್ಲಿ ಬೈಕ್ ನಿಲ್ಲಿಸಿಕೊಂಡು ಕತ್ತಲಾಗುವವರೆಗೆ ಕಾದಿದ್ದರು. ಇನ್ನೊಬ್ಬರ ಮನೆಯಲ್ಲಿ ಕಟ್ ಮಾಡಿದರೆ ಸ್ನೇಹಿತರನ್ನು ಊಟಕ್ಕೆ ಕರೆತರುತ್ತಾನೆಂದು ಅರ್ಥವಂತೆ, ಮಾಡಿದ ಮುದ್ದೆಯೆಲ್ಲ ಉಳಿದುಹೋಗಿತ್ತು. ಎಲ್ಲರೂ ಮಕ್ಕಳಿಗೆ ಬೈದರು, ನನಗೆ ಕೈಮುಗಿದರು. ಕಾರ್ಯದರ್ಶಿಗಳು ತಲೆದೂಗುತ್ತಿದ್ದರು. ನನ್ನ ಎದೆ ಉಬ್ಬುತ್ತಿತ್ತು.

ಕೊನೆಗೆ ಹಣೆ ತುಂಬ ವಿಭೂತಿ ಧರಿಸಿದ್ದ ಒಬ್ಬ ಹಿರಿಯರು ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ, ಪೇಡದ ಪೊಟ್ಟಣ ಹಿಡಿದು ಬಂದರು. ಹೊಳೆಹೊನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ರುದ್ರಪ್ಪ, ವೀಣಾಳ ತಂದೆ. ಹಣ್ಣುಕಾಯಿ ನನ್ನ ಕೈಗಿಟ್ಟು ಕಾಲು ಮುಟ್ಟಲು ಬಗ್ಗಿದರು.

"ನಿನ್ನೆ ನೀವು ಕಟ್ ಮಾಡಿದ್ರಲ್ಲ ಮೇಷ್ಟ್ರೇ, ನಮ್ಮನೆಯೋಳು ಸಂತೋಷಕ್ಕೆ ಅತ್ತೇಬಿಟ್ಲು."

"ನನ್ನ ಕರ್ತವ್ಯ ಮಾಡಿದೆ, ಅಷ್ಟೇ" ಎಂದೆ, ಕಾರ್ಯದರ್ಶಿಗಳಿಗೂ ಕೇಳುವಂತೆ.

"ಹಾಗಾದ್ರೆ ಮುಂದುವರಿಸ್ಬಹುದು ಅಂತೀರಾ?"

"ಧಾರಾಳವಾಗಿ. ಇಂಥದ್ದೆಲ್ಲಾ ಅರ್ಧಕ್ಕೆ ನಿಲ್ಲಿಸ್ಬಾರ್ದು."

"ಹುಡುಗಿ ಸ್ವಲ್ಪ ಅಳ್ತಾ ಇದಾಳೆ."

"ಮೊದಮೊದಲು ಅಳ್ತಾರೆ. ಆಮೇಲೆ ಹೊಂದ್ಕೋತಾರೆ."

"ನೀವು ಇಷ್ಟು ಹೇಳಿದ್ಮೇಲೆ ಇನ್ನೇನು" ಎಂದು ರುದ್ರಪ್ಪ ಪೇಡ ಹಂಚತೊಡಗಿದರು. ಕಾರ್ಯದರ್ಶಿಗಳು ಪ್ರಾಂಶುಪಾಲರ ಕಡೆ ತಿರುಗಿ, "ನೋಡ್ರಿ, ಹಿರಿಯರಿಗೆ ಮೇಷ್ಟ್ರ ಮೇಲೆ ಎಷ್ಟು ಗೌರವ. ನನಗೆ ಬೇಕಾಗಿದ್ದು ಇದೇ" ಎಂದರು. ನಾನು ಪೇಡ ಬಾಯಿಗೆ ಹಾಕಿಕೊಂಡೆ. ಆಗ ಬಾಗಿಲ ಬಳಿ ವೀಣಾ ಕಂಡಳು. ಅತ್ತೂ ಅತ್ತೂ ಅವಳ ಮುಖ ಊದಿಕೊಂಡಿತ್ತು. ಅವಳ ಪಕ್ಕದಲ್ಲಿದ್ದ ಸುಮಾ ಮೇಡಂ ನನ್ನನ್ನು ಹೊರಗೆ ಕರೆದರು.

"ಸರ್, ಏನು ಒಪ್ಕೊಂಡ್ರಿ ಗೊತ್ತಾ? ಅವಳ ಮದುವೆ."

ಬಾಯಲ್ಲಿದ್ದ ಅರ್ಧ ಪೇಡವನ್ನು ಕರವಸ್ತ್ರಕ್ಕೆ ಉಗಿದೆ.

ವಿಷಯ ಇಷ್ಟು. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮಗ ವೀಣಾಳನ್ನು ನೋಡಿಕೊಂಡು ಹೋಗಿದ್ದ. ಪರೀಕ್ಷೆಗೆ ಮೊದಲೇ ಮದುವೆಯಾಗಬೇಕು, ಓದು ಅಲ್ಲಿಗೆ ಸಾಕು ಎಂದು ಅವರ ಷರತ್ತು. ವೀಣಾಳಿಗೆ ಪದವಿ ಮುಗಿಸಿ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮಾಡುವ ಆಸೆ. ಅಪ್ಪನೆದುರು ನಿಂತು ಬೇಡವೆನ್ನಲು ಬಾಯಿ ಬರುವುದಿಲ್ಲ. ಮಗಳ ಸಂಕೋಚ ಬಲ್ಲ ತಾಯಿ ಒಂದು ಉಪಾಯ ಮಾಡಿದ್ದರು. ಸಂಜೆ ಮಿಸ್ ಕಾಲ್ ಕೊಡ್ತೀನಿ, ಒಪ್ಪಿಗೆ ಇದ್ದರೆ ಕಟ್ ಮಾಡು, ಇಲ್ಲದಿದ್ದರೆ ಅದರ ಪಾಡಿಗೆ ಅದು ಹೊಡ್ಕೊಳ್ಳಲಿ ಬಿಡು. ಕೊನೆ ಗಳಿಗೆಯಲ್ಲಿ ಹೆದರಿ ತಾನೇ ಕಟ್ ಮಾಡಿಬಿಟ್ಟರೆ ಎಂದು ಹುಡುಗಿ, ಕೈ ತಪ್ಪಿಯೂ ಗುಂಡಿ ಮುಟ್ಟದಿರಲೆಂದು ಫೋನನ್ನು ಅತ್ಯಂತ ಸುರಕ್ಷಿತ ಜಾಗದಲ್ಲಿ ಇಟ್ಟಿದ್ದಳು. ನನ್ನ ಹತ್ತಿರ.

"ಬೆಳಿಗ್ಗೆ ಅಪ್ಪ ಹಾಸ್ಟೆಲ್ಲಿಗೆ ಬಂದಾಗ, ನಾನು ಕಟ್ ಮಾಡಿಲ್ಲ, ಫೋನ್ ಸರ್ ಹತ್ರ ಇತ್ತು ಅಂತ ಹೇಳ್ದೆ ಸರ್" ಎಂದಳು ವೀಣಾ. "ಹಾಗಾದ್ರೆ ಇನ್ನೂ ಒಳ್ಳೇದಾಯ್ತು, ಮೇಷ್ಟ್ರೇ ಒಪ್ಪಿದ್ದಾರೆ ಅಂತ ಅಪ್ಪ ಕೂತ್ಬಿಟ್ರು. ಈಗ ನಾನು ಏನ್ ಹೇಳಿದ್ರೂ ಕೇಳ್ತಿಲ್ಲ."

ನನಗೆ ನಾಚಿಕೆಯಾಯಿತು. ಭಯವೂ ಆಯಿತು. ಒಳಗೆ ಕಾರ್ಯದರ್ಶಿಗಳು ಎರಡನೇ ಪೇಡ ತಿನ್ನುತ್ತಿದ್ದರು. ಸುಮ್ಮನಿದ್ದರೆ ಪ್ರಾಂಶುಪಾಲಗಿರಿ ಕೈಯಲ್ಲೇ ಇತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಆದರೆ ಆ ಹುಡುಗಿಯ ಮುಖ ನೋಡಿದ ಮೇಲೆ ಆಗಲಿಲ್ಲ. ಒಳಗೆ ಹೋದೆ.

"ರುದ್ರಪ್ಪನವರೇ, ಕಟ್ ಮಾಡಿದ್ದು ನಾನೇ. ಆದ್ರೆ ಅದು ಒಪ್ಪಿಗೆ ಅಲ್ಲ. ಶಬ್ದ ನಿಲ್ಲಿಸೋಕೆ ಒತ್ತಿದ್ದು."

ರುದ್ರಪ್ಪ ನಕ್ಕರು. "ತಿಳಿದೋರು ಸುಮ್ಸುಮ್ನೆ ಒತ್ತಿಬಿಡ್ತಾರಾ? ವಿಚಾರ ಮಾಡೇ ಒತ್ತಿರ್ತೀರಿ."

"ಇಲ್ಲ, ಯಾವ ವಿಚಾರಾನೂ ಮಾಡ್ಲಿಲ್ಲ. ಅದು ಯಾರ ಫೋನ್ ಅಂತಾನೂ ನೋಡ್ಲಿಲ್ಲ."

"ನೋಡಿ ಸ್ವಾಮಿ" ಎಂದರು ಅವರು ಕಾರ್ಯದರ್ಶಿಗಳಿಗೆ, "ದೊಡ್ಡೋರು ಮಾಡಿದ್ದನ್ನ ಮಾಡಿದೆ ಅಂತ ಹೇಳ್ಕೊಳ್ಳಲ್ಲ."

"ನನಗೆ ಮೊಬೈಲ್ ಬಳಸೋಕೇ ಬರಲ್ಲ ರೀ" ಎಂದೆ. ಮುಚ್ಚಿಟ್ಟಿದ್ದ ಮಾತು ಹೊರಬಿತ್ತು.

"ಎಷ್ಟು ವಿನಯ" ಎಂದರು ರುದ್ರಪ್ಪ, ಕಣ್ಣಂಚು ಒರೆಸಿಕೊಂಡು.

ಗುರುಗಳಿಗೆ ಗೌರವ ಕೊಡುವುದಿಲ್ಲವೆಂದು ಹುಡುಗರ ಮೇಲೆ ವರ್ಷಗಟ್ಟಲೆ ಗೊಣಗಿದ್ದೆ. ಗೌರವ ಅತಿಯಾದರೆ ಬಿಡಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ನಾನು ದಡ್ಡನೆಂದು ಹೇಳಿದಷ್ಟೂ ರುದ್ರಪ್ಪನವರ ಕಣ್ಣಲ್ಲಿ ಮೇಲೇರುತ್ತಿದ್ದೆ.

ಅಷ್ಟರಲ್ಲಿ ರುದ್ರಪ್ಪನವರ ಫೋನ್ ಕೂಗಿತು. "ಬೀಗ್ರದ್ದು. ನೀವೇ ಒಂದೆರಡು ಮಾತು ಆಡಿ ಮೇಷ್ಟ್ರೇ" ಎಂದು ನನ್ನ ಕೈಗೆ ಕೊಟ್ಟರು. ಒಳ್ಳೆಯದೇ ಆಯಿತು, ಗಂಡಿನ ಕಡೆಯವರಿಗೇ ನೇರವಾಗಿ ಸತ್ಯ ಹೇಳಿಬಿಡುತ್ತೇನೆ ಎಂದುಕೊಂಡೆ. ಗೊಬ್ಬರದ ಅಂಗಡಿಯಲ್ಲಿ ದುಡಿದ ಫೋನು, ಗುಂಡಿಗಳ ಬಣ್ಣ ಸವೆದು ಎರಡೂ ಒಂದೇ ಆಗಿದ್ದವು. ಅಂದಾಜಿನ ಮೇಲೆ ಒಂದನ್ನು ಒತ್ತಿ, ಗಂಟಲು ಸರಿಪಡಿಸಿಕೊಂಡು, "ನಮಸ್ಕಾರ, ನಾನು ಶಿಸ್ತು ಸಮಿತಿಯ ಅಧ್ಯಕ್ಷ ಮಾತಾಡ್ತಿರೋದು" ಎಂದೆ. ಆ ಕಡೆಯಿಂದ ಸದ್ದಿಲ್ಲ.

"ಕಟ್ ಆಯ್ತು" ಎಂದರು ಪ್ರಾಂಶುಪಾಲರು.

ಮತ್ತೆ ಕೂಗಿತು. ಈ ಬಾರಿ ಬಹಳ ಎಚ್ಚರಿಕೆಯಿಂದ ಇನ್ನೊಂದು ಗುಂಡಿ ಎಂದುಕೊಂಡು ಮೊದಲಿನದನ್ನೇ ಒತ್ತಿದೆ. ಗಾಬರಿಯಲ್ಲಿ ಫೋನನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೆನಂತೆ. ಮತ್ತೆ ಕಟ್. ಕಾರ್ಯದರ್ಶಿಗಳು ಪೇಡ ತಿನ್ನುವುದನ್ನು ನಿಲ್ಲಿಸಿದರು. ನನ್ನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅದು ನಟನೆಯಲ್ಲವೆಂದು ಯಾರಿಗಾದರೂ ತಿಳಿಯುವಂತಿತ್ತು.

ಮೂರನೇ ಸಲ ಕೂಗಿದಾಗ ರುದ್ರಪ್ಪ ನನ್ನ ಕೈಯಿಂದ ಫೋನನ್ನು ಮೆಲ್ಲಗೆ ಬಿಡಿಸಿಕೊಂಡರು. ನನ್ನನ್ನೇ ನೋಡಿದರು. ಅವರ ಮುಖದಲ್ಲಿದ್ದ ಭಕ್ತಿ ಇಳಿಯುತ್ತಾ ಇಳಿಯುತ್ತಾ ಕನಿಕರಕ್ಕೆ ಬಂದು ನಿಂತಿತು.

"ಮೇಷ್ಟ್ರೇ, ನಿಮಗೆ ನಿಜವಾಗ್ಲೂ ಬರಲ್ಲ" ಎಂದರು.

"ಬರಲ್ಲ" ಎಂದೆ.

ಅವರು ಬಾಗಿಲ ಕಡೆ ತಿರುಗಿದರು. "ಹಾಗಾದ್ರೆ ನಿನ್ನ ಮನಸ್ಸಲ್ಲಿ ಏನಿತ್ತಮ್ಮ?"

"ಹೊಡ್ಕೊಳ್ಳಲಿ ಅಂತ ಬಿಟ್ಟಿದ್ದೆ ಅಪ್ಪಾ" ಎಂದಳು ವೀಣಾ. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ಅಷ್ಟರಲ್ಲಿ ಫೋನ್ ಕೂಗಿ ಕೂಗಿ ನಿಂತಿತ್ತು. ರುದ್ರಪ್ಪ ಮಗಳ ತಲೆ ಸವರಿದರು. ಆಮೇಲೆ ಗಂಡಿನ ಕಡೆಯವರಿಗೆ ತಾವೇ ಫೋನ್ ಮಾಡಿದರು. "ಬೇಜಾರು ಮಾಡ್ಕೋಬೇಡಿ ಸಾಹುಕಾರ್ರೇ. ಮಗಳು ಇನ್ನೂ ಓದ್ಬೇಕು ಅಂತಾಳೆ. ನಿನ್ನೆ ಒಪ್ಪಿಗೆ ಅಂದಿದ್ದು, ಇಲ್ಲಿ ಒಬ್ರು ಮೇಷ್ಟ್ರಿದಾರೆ, ಪಾಪ, ಅವರಿಗೆ ಫೋನ್ ಬರಲ್ಲ." ಆ 'ಪಾಪ' ಸಂಜೆಯೊಳಗೆ ಗಾಂಧಿ ಬಜಾರಿನ ಅಂಗಡಿ ಅಂಗಡಿಗೂ ತಲುಪಿತು. ಗಿರಿಜೆ ರವಿಕೆ ಬಟ್ಟೆ ತರಲು ಹೋದಾಗ ಅವಳಿಗೇ ಅದನ್ನು ಹೇಳಿದರಂತೆ. ಅವಳು ನನ್ನ ಗುರುತೇ ಇಲ್ಲದವಳಂತೆ ಕೇಳಿಸಿಕೊಂಡು ಬಂದಳಂತೆ.

ಕಾರ್ಯದರ್ಶಿಗಳು ಹೊರಡುವಾಗ ನನ್ನ ಭುಜ ತಟ್ಟಿ, "ಮೇಷ್ಟ್ರೇ, ನೀವು ಇತಿಹಾಸಾನೇ ನೋಡ್ಕೊಳ್ಳಿ" ಎಂದರು. ಮೇ ತಿಂಗಳಲ್ಲಿ ಸುಮಾ ಮೇಡಂ ಪ್ರಾಂಶುಪಾಲರಾದರು. ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ವೀಣಾ ಶಂಕರಘಟ್ಟಕ್ಕೆ ಸೇರಿದಳೆಂದು ಕೇಳಿದ ದಿನ ಬೇಸರ ಸ್ವಲ್ಪ ಕಡಿಮೆಯಾಯಿತು.

ಒಂದು ಸಮಾಧಾನ ಮಾತ್ರ ಉಳಿದಿತ್ತು. ಆ ದಿನದ ನಂತರ ನನ್ನ ತರಗತಿಯಲ್ಲಿ ಒಂದೇ ಒಂದು ಮೊಬೈಲ್ ಕೂಗಲಿಲ್ಲ. ಹುಡುಕಿದರೂ ಸಿಗುತ್ತಿರಲಿಲ್ಲ. ಕುರ್ಚಿ ಸಿಗದಿದ್ದರೇನಂತೆ, ಶಿಸ್ತು ಬಂತಲ್ಲ ಎಂದು ಗಿರಿಜೆಯೆದುರು ಕೊಚ್ಚಿಕೊಂಡೆ. ಅದೇ ವಾರ ವರಾಂಡದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ಹೊಸದಾಗಿ ಸೇರಿದವನಿಗೆ ಬುದ್ಧಿ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಹಿಸ್ಟರಿ ಕ್ಲಾಸಿಗೆ ಮೊಬೈಲ್ ತರ್ಬೇಡ ಮಾರಾಯ. ಆ ಸರ್ ಬೈಯಲ್ಲ, ಹೊಡಿಯಲ್ಲ. ಮದುವೆ ಮಾಡ್ಸಿಬಿಡ್ತಾರೆ."