ಯಾರೂ ಹೊಡೆಯದ ಮಂತ್ರಿ

ಮಗನ ಫೋನು ಬಂದಾಗಿನಿಂದ ಹೆಡ್ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಕಟ್ಟಡದವರೆಲ್ಲ ಅವರನ್ನು ಈಗಲೂ ಹೆಡ್ ಮೇಡಂ ಎಂದೇ ಕರೆಯುತ್ತಿದ್ದರು. (ಬೇರೆ ಹೆಸರು ಹಿಡಿದು ಕರೆಯುವ ಧೈರ್ಯವಿದ್ದವರು ಒಬ್ಬರೇ, ಅವರ ಯಜಮಾನರು. ಅವರೂ ತೀರಿಕೊಂಡಿದ್ದರು.)

“ಈ ರಜೆಗೂ ಬರೋಕಾಗಲ್ಲಮ್ಮ,” ಎಂದಿದ್ದ ಮಗ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಕ್ಷಮಿಸಿಬಿಡಬಹುದಿತ್ತು. “ಕೆಳಗಿನ ಮನೆ ಡ್ರೈವರ್ ಅಂಕಲ್ ಇದ್ದಾರಲ್ಲ, ಪಾಪ, ರಜೆ ಬಂತು ಅಂದ್ರೆ ಒಂಟಿಯಾಗಿ ಒದ್ದಾಡ್ತಾರೆ. ದಿನಾ ಸಂಜೆ ಕರೆದು ಚೆಸ್ ಆಡು. ಸ್ವಲ್ಪ ಸೋತುಕೊಡಮ್ಮ, ಖುಷಿಪಡಲಿ,” ಎಂದು ಬೇರೆ ಸೇರಿಸಿದ.

ಸೋಲುವುದಂತೆ! ಶಾಲೆ ತಪಾಸಣೆಗೆ ಬಂದ ಅಧಿಕಾರಿಯನ್ನೇ ನಿಲ್ಲಿಸಿ ಮಾತಾಡಿಸಿದ ಹೆಂಗಸು ಅವರು. ಆದರೂ ಒಪ್ಪಿಕೊಂಡರು. ಕಾರಣ ಇಷ್ಟೇ: ಈ ಕಟ್ಟಡದಲ್ಲಿ ಒಂಟಿ ಮುದಿಜೀವ ಅಂತ ಒಂದಿದ್ದರೆ ಅದು ಕೆಳಗಿನ ಮನೆಯಲ್ಲಿದೆ, ತಮ್ಮ ಮನೆಯಲ್ಲಿ ಖಂಡಿತ ಇಲ್ಲ ಎಂದು ಮಗನ ಬಾಯಿಂದಲೇ ಬಂದಂತಾಗಿತ್ತು. ಆ ಸಮಾಧಾನವನ್ನು ಕಳೆದುಕೊಳ್ಳಲು ಮೇಡಂ ಸುತರಾಂ ಸಿದ್ಧರಿರಲಿಲ್ಲ.

ನಿವೃತ್ತ ಬಸ್ ಡ್ರೈವರಪ್ಪ ಮೊದಲ ಸಂಜೆ ಬಂದು, ಸ್ಟೇರಿಂಗ್ ಮುಂದೆ ಕೂರುವ ಹಾಗೆ ಕಾಲಗಲಿಸಿ ಕೂತರು. ಮೇಡಂ ಪರೋಪಕಾರ ಮಹಾಯಜ್ಞವನ್ನು ಆರಂಭಿಸಿದರು. ಕುದುರೆಯನ್ನು ಕೊಟ್ಟರು, ಡ್ರೈವರಪ್ಪ ಹೊಡೆಯಲಿಲ್ಲ. ಒಂಟೆಯನ್ನು ತಂದು ಮೂಗಿನ ಕೆಳಗೆ ನಿಲ್ಲಿಸಿದರು. ಆ ಮನುಷ್ಯ ತಲೆ ಕೆರೆದುಕೊಂಡು ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದರು. ಎರಡನೆಯ ಸಂಜೆಯೂ ಇದೇ ಕಥೆ. ಇಂಥ ದಡ್ಡನ ಕೈಗೆ ಬಸ್ಸು ಕೊಟ್ಟವರು ಯಾರು ಎಂದು ಮೇಡಂ ಹಲ್ಲು ಕಡಿದರು. ತಾನೂ ಗೆಲ್ಲುತ್ತಿಲ್ಲ, ತಮ್ಮನ್ನು ಸೋಲುವುದಕ್ಕೂ ಬಿಡುತ್ತಿಲ್ಲ, ಆಟವಂತೂ ಮುಗಿಯುತ್ತಲೇ ಇಲ್ಲ.

ಮೂರನೆಯ ಸಂಜೆ ಮೇಡಂ ತಮ್ಮ ಮಂತ್ರಿಯನ್ನೇ ಒಯ್ದು ಅವರ ಆನೆಯ ಎದುರು ಇಟ್ಟರು. ಡ್ರೈವರಪ್ಪ ಮಂತ್ರಿಯನ್ನು ನೋಡಿದರು, ಸೀಲಿಂಗ್ ಫ್ಯಾನ್ ನೋಡಿದರು, ತಮ್ಮ ಕುದುರೆಯನ್ನು ಹಿಂದಕ್ಕೆ ಹಾರಿಸಿದರು. ಮೇಡಂಗೆ ಪಿತ್ತ ನೆತ್ತಿಗೇರಿತು.

“ಕಣ್ಣು ಕಾಣಲ್ವೇನ್ರೀ ನಿಮಗೆ? ನನ್ನ ಮಂತ್ರಿ ಹೊಡೀರಿ ಹೊಡೀರಿ ಅಂತ ಎದುರಿಗೇ ನಿಂತಿದೆ!”

“ಕಾಣುತ್ತೆ ಮೇಡಂ!” ಡ್ರೈವರಪ್ಪನೂ ಸಿಡಿದರು. “ನನ್ನ ಆನೆನ ನೀವ್ಯಾಕೆ ಹೊಡೀಲಿಲ್ಲ? ಎರಡು ದಿನದಿಂದ ಸೋಲೋಕೆ ನೋಡ್ತಿದ್ದೀನಿ, ಬಿಡ್ತಾನೇ ಇಲ್ವಲ್ರೀ! ಮೂವತ್ತು ವರ್ಷ ಊರವರನ್ನೆಲ್ಲ ರಜೆಗೆ ಮನೆ ಮುಟ್ಟಿಸಿದೆ. ಈ ಸಲವಾದ್ರೂ ಕಾಲು ಚಾಚಿ ಮಲಗೋಣ ಅಂದ್ರೆ ನಿಮ್ಮ ಮಗ ಫೋನ್ ಮಾಡಿ, ‘ಅಂಕಲ್, ಅಮ್ಮ ಒಬ್ಬರೇ ಇರ್ತಾರೆ, ಹೋಗಿ ಆಡಿ. ಆದ್ರೆ ಗೆದ್ದುಬಿಡಬೇಡಿ, ಸೋಲು ತಡ್ಕೊಳ್ಳಲ್ಲ’ ಅಂದ್ರು.”

ಮೇಡಂ ಪೆಚ್ಚಾದರು. (ಅವರ ಹಳೆಯ ವಿದ್ಯಾರ್ಥಿಗಳು ಈ ದೃಶ್ಯಕ್ಕಾಗಿ ಟಿಕೆಟ್ ಕೊಂಡಾದರೂ ಬರುತ್ತಿದ್ದರು.) ಆಮೇಲೆ ಫೋನ್ ಎತ್ತಿಕೊಂಡು, ಡ್ರೈವರಪ್ಪನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

“ಬರೋಕಾಗಲ್ಲ ಅಂದ್ರೆ ಬರೋಕಾಗಲ್ಲ ಅನ್ನು. ನಿನ್ನ ಜಾಗಕ್ಕೆ ಬಾಡಿಗೆ ಡ್ರೈವರನ್ನ ಕಳಿಸ್ತೀಯೇನೋ?”

“ಬಾಡಿಗೆ ಅಲ್ಲ ಮೇಡಂ, ಪುಕ್ಕಟೆ,” ಎಂದರು ಡ್ರೈವರಪ್ಪ, ಬಿಗುಮಾನದಿಂದ.

“ನಿನಗೆ ಬೇಸರ ಆಗುತ್ತೆ ಅಂದಿದ್ರೆ ನೀನು ಒಪ್ಕೋತಿದ್ಯಾ ಅಮ್ಮ?” ಎಂದ ಮಗ.

“ನನಗೆ ಯಾವ ಬೇಸರಾನೂ ಇಲ್ಲ!” ಮೇಡಂ ಫೋನ್ ಕುಕ್ಕಿದರು. ಕೋಪ ಅವನು ಹೇಳಿದ ಸುಳ್ಳಿನ ಮೇಲೋ, ಅದರೊಳಗಿದ್ದ ನಿಜದ ಮೇಲೋ, ಅವರಿಗೇ ಗೊತ್ತಾಗಲಿಲ್ಲ. “ಕಾಯಿ ಜೋಡಿಸಿ. ಈಗ ನಿಜವಾಗಿ ಆಡೋಣ.”

ನಿಜವಾಗಿಯೇ ಆಡಿದರು. ಟೀ ಆರುವಷ್ಟರಲ್ಲಿ ಡ್ರೈವರಪ್ಪ ಹೆಡ್ ಮೇಡಂ ಅವರ ಸಕಲ ಸೈನ್ಯವನ್ನು ನಿರ್ನಾಮ ಮಾಡಿ ರಾಜನನ್ನು ಮೂಲೆಗೆ ಒತ್ತರಿಸಿದ್ದರು. ಮೇಡಂ ಬೋರ್ಡನ್ನು ಮಗುಚಿ ಬಾಗಿಲು ತೋರಿಸಿದರು. ಡ್ರೈವರಪ್ಪ ಚಪ್ಪಲಿ ಮೆಟ್ಟಿಕೊಂಡು, “ನಿಮ್ಮ ಮಗ ಇದೊಂದು ಮಾತ್ರ ಸರಿಯಾಗೇ ಹೇಳಿದ್ರು,” ಎಂದು ಇಳಿದುಹೋದರು.

ಮಾರನೆಯ ಸಂಜೆ ಯಾರೂ ಬರಲಿಲ್ಲ. ಮೇಡಂ ಮೆಟ್ಟಿಲು ಗುಡಿಸಿದರು. ಗುಡಿಸಿದ ಮೆಟ್ಟಿಲನ್ನೇ ಮತ್ತೆ ಗುಡಿಸಿದರು. ಪಕ್ಕದ ಮನೆಗಳಿಗೆಲ್ಲ ಬೀಗ. ಟೀವಿ ಹಾಕಿದರೆ ಅದರಲ್ಲೂ ಯಾರದೋ ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಅದನ್ನು ಆರಿಸಿ, ಚೆಸ್ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ದಡದಡ ಕೆಳಗಿಳಿದು ಬಾಗಿಲು ಬಡಿದರು.

ಡ್ರೈವರಪ್ಪ ನಿದ್ದೆಗಣ್ಣಲ್ಲೇ ತೆರೆದರು. “ಏನು ಮೇಡಂ, ಮತ್ತೆ ಮಗ ಫೋನ್ ಮಾಡಿದ್ರಾ?”

“ಇಲ್ಲ.”

“ಹಾಗಿದ್ರೆ ಇವತ್ತು ಬೇಸರ ಯಾರಿಗೆ?”

ನಿಮಗೇ ಎನ್ನಬೇಕೆಂದು ಮೇಡಂ ಬಾಯಿ ತೆರೆದರು. ಆದರೆ ಆ ಮನುಷ್ಯನ ಕೆನ್ನೆ ಮೇಲೆ ದಿಂಬಿನ ಗೆರೆ ಮೂಡಿತ್ತು. ಅಷ್ಟು ಸುಖವಾಗಿ ಮಲಗಿ ಎದ್ದವನಿಗೆ ಹಾಗೆ ಹೇಳುವುದಾದರೂ ಹೇಗೆ?

“ನನಗೆ!” ಎಂದು ಗದರಿದರು. “ಏನೀಗ?”

ಡ್ರೈವರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. “ಬನ್ನಿ. ಆದ್ರೆ ನಾನು ಸೋಲಲ್ಲ, ಈಗಲೇ ಹೇಳಿದ್ದೀನಿ.”

“ಸೋಲಿ ಅಂತ ನಿಮ್ಮನ್ನ ಯಾರು ಕೇಳಿದ್ರು? ಒಂದೇ ಒಂದು ನಡೆ ವಾಪಸ್ ತಗೊಳ್ಳೋಕೆ ಬಿಡಿ, ಸಾಕು.”

“ಒಂದೇ,” ಎಂದರು ಡ್ರೈವರಪ್ಪ.

ಆ ಸಂಜೆ ಹೆಡ್ ಮೇಡಂ ಲೆಕ್ಕವಿಲ್ಲದಷ್ಟು ನಡೆಗಳನ್ನು ವಾಪಸ್ ತೆಗೆದುಕೊಂಡರು. ಆದರೂ ಸೋತರು.