ಜವನಗೊಂಡನಹಳ್ಳಿಯಲ್ಲಿ ನನ್ನ ಬಾಯಿ ಕಟ್ಟಿದ ಸೌತೆಕಾಯಿಯವರಿಗೆ

ಮಾನ್ಯರೇ,

ಗೋಣಿಚೀಲದ ಮೇಲೆ ಸಾಲಾಗಿ ಪವಡಿಸಿ, ದಿನವಿಡೀ ನೀರು ಚಿಮುಕಿಸಿಕೊಂಡು ತಂಪಾಗಿರುವ ತಮಗೂ, ತಮ್ಮ ಬಳ್ಳಿಗೂ, ಎಳೆಯ ಮತ್ತು ಬಲಿತ ಬಂಧುಗಳೆಲ್ಲರಿಗೂ ಹೊಸದುರ್ಗದ ಹಿಟ್ಟಿನ ಗಿರಣಿಯ ಓಬಳೇಶನ ನಮಸ್ಕಾರಗಳು. ತಾವು ಮೈಯೆಲ್ಲ ನೀರಾದವರು, ಯಾರ ಮೇಲೂ ಬಿಸಿಯಾಗದವರು ಎಂದು ಕೇಳಿಬಲ್ಲೆ. ಅದಕ್ಕೇ ಮನುಷ್ಯರ ಎದುರು ಬಾಯಿ ಬಿಡಲು ನಾಚುವ ನಾನು ತಮಗೆ ಬರೆಯುವ ಧೈರ್ಯ ಮಾಡಿದ್ದೇನೆ. ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಮಾನ ಹೋದದ್ದೂ ಬಹಿರಂಗವಾಗಿಯೇ.

ನನ್ನ ಪರಿಚಯ ತಮಗೆ ಇದ್ದೇ ಇದೆ. ಹೋದ ವರ್ಷದವರೆಗೆ ನಾನು ನೂರ ನಲವತ್ತೆರಡು ಕೆಜಿ ಇದ್ದೆ. ಗಿರಣಿಯ ತೂಕದ ಯಂತ್ರದ ಮೇಲೆ ನಿಂತರೆ ಅದು ಅಂಕಿ ತೋರಿಸುವುದನ್ನು ಬಿಟ್ಟು ಕಣ್ಣು ಮಿಟುಕಿಸುತ್ತಿತ್ತು. ಆ ಕಾಲದಲ್ಲಿ ಊಟಕ್ಕೆ ಕರೆಯುವ ಮುಂಚೆ, ಸುಮ್ಮನೆ ಹೊತ್ತು ಹೋಗಲೆಂದು, ತಮ್ಮವರು ನಾಲ್ಕು ಜನ ಉಪ್ಪು ಖಾರ ಹಚ್ಚಿಕೊಂಡು ನನ್ನೊಳಗೆ ಇಳಿಯುತ್ತಿದ್ದರು. ಒಬ್ಬರೂ ತಕರಾರು ಮಾಡಿದವರಲ್ಲ. ಆಮೇಲೆ ಮಂಡಿಗಳು ಮುಷ್ಕರ ಹೂಡಿದವು. ದಾವಣಗೆರೆಯ ಡಾಕ್ಟರು ಆಪರೇಷನ್ ಮಾಡಿ, ಗೋದಾಮಿನಂತಿದ್ದ ನನ್ನ ಹೊಟ್ಟೆಯನ್ನು ಬಾಳೆಹಣ್ಣಿನಷ್ಟಕ್ಕೆ ಇಳಿಸಿದರು. ನನಗೆ ಎಚ್ಚರವಾದ ಕೂಡಲೇ ನನ್ನ ತಾಯಿ ಏಕಾಂತಮ್ಮ ಕೇಳಿದ ಮೊದಲ ಮಾತು: "ಲೇ ಓಬಳೇಶ, ಅಷ್ಟೊಂದು ಹೊಟ್ಟೆ ಕೊಯ್ದ್ರಲ್ಲ, ಅದನ್ನ ಏನ್ ಮಾಡಿದ್ರಂತೆ? ನಮ್ಗೆ ವಾಪಸ್ ಕೊಡಲ್ವಂತಾ?"

ಮೂರು ತಿಂಗಳು ತಿಳಿಸಾರು, ಗಂಜಿ, ಕಿವುಚಿದ ಬೇಳೆಯಲ್ಲಿ ಕಳೆದವು. ಕಡೆಗೆ ಆಸ್ಪತ್ರೆಯಲ್ಲಿ ಆಹಾರ ಹೇಳಿಕೊಡುವ ದಿವ್ಯಾ ಮೇಡಂ, "ಇನ್ಮೇಲೆ ಹಸಿ ತರಕಾರಿ ಶುರು ಮಾಡ್ರಿ. ಮೊದ್ಲು ಸೌತೆಕಾಯಿ. ಸಿಪ್ಪೆ, ಬೀಜ ತೆಗೆದು ಒಂದೇ ಒಂದು ಸಣ್ಣ ತುಂಡು. ಮೂವತ್ತು ಸಲ ಅಗೀರಿ, ಮಧ್ಯೆ ಮಾತಾಡಬ್ಯಾಡ್ರಿ, ನೀರು ಕುಡೀಬ್ಯಾಡ್ರಿ" ಎಂದರು. ಜಗತ್ತಿನ ಅಷ್ಟೂ ತರಕಾರಿಗಳಲ್ಲಿ ತಾವೇ ಸಾಧು ಎಂಬುದು ಅವರ ತೀರ್ಮಾನ. ರಾಗಿ ಬೀಸಲು ಗಿರಣಿ ಇಟ್ಟುಕೊಂಡ ನಾನು, ತಮಗೋಸ್ಕರ ಬಾಯನ್ನೇ ಗಿರಣಿ ಮಾಡಿಕೊಂಡೆ. ಮೊದಲ ದಿನ ಅಮ್ಮ ಎದುರು ಕುಳಿತು ಎಣಿಸಿದಳು. ಹತ್ತೊಂಬತ್ತಕ್ಕೆ ಪಕ್ಕದ ಮನೆಯವರು ಮೊರ ಕೇಳಿಕೊಂಡು ಬಂದು ಲೆಕ್ಕ ತಪ್ಪಿತು. ಅದೇ ತುಂಡನ್ನು ಮತ್ತೆ ಒಂದರಿಂದ ಅಗಿಯಬೇಕಾಯಿತು. ಆದರೂ ತಾವು ಮರ್ಯಾದೆಯಿಂದ ಇಳಿದಿರಿ. ತಮ್ಮನ್ನು ನಂಬಿದೆ. ಅಲ್ಲಿಯೇ ಎಡವಿದೆ.

ಹೋದ ಭಾನುವಾರ ಹೆಣ್ಣು ನೋಡಲು ಹಿರಿಯೂರಿನ ಆಚೆ ಜವನಗೊಂಡನಹಳ್ಳಿಗೆ, ದೊಡ್ಡತಿಮ್ಮಪ್ಪನವರ ಮನೆಗೆ ಹೋದೆವು. ಅವರ ಮಗಳು ಶಾಂತಿ ಕಾಫಿ ಕೊಟ್ಟು, ಸಕ್ಕರೆ ಸಾಕೇ ಎಂದು ಕೇಳಿದರು. ಸಕ್ಕರೆ ಹಾಕಿಯೇ ಇರಲಿಲ್ಲ. ನಾನು ಸಾಕು ಎಂದೆ. ಅವರಿಗೆ ಗೊತ್ತಾಗಿ ನಗು ಬಂತು, ಆ ನಗುವಿನಿಂದ ನನಗೆ ಈವರೆಗೂ ಗಿರಣಿಯಲ್ಲಿ ರಾಗಿ ಯಾವುದು ಜೋಳ ಯಾವುದು ತಿಳಿಯುತ್ತಿಲ್ಲ. ಆಪರೇಷನ್ ವಿಷಯ ಹೇಳಿಬಿಡೋಣ ಎಂದರೆ ನನ್ನ ಸೋದರಮಾವ ದುರುಗಣ್ಣ ದಾರಿಯಲ್ಲೇ ಎಚ್ಚರಿಸಿದ್ದ: "ಆಪರೇಷನ್ ಅಂದ್ರೆ ಜನ ಏನೇನೋ ತಿಳ್ಕಂತಾರೆ ಕಣಪ್ಪ. ನೀನು ಬಾಯಿ ಮುಚ್ಕಂಡು ಕುಂತ್ಕ, ಸಾಕು." ನಾನು ಹೇಳಬೇಕಾಗಿದ್ದುದು 'ಒಪ್ಪಿಗೆ' ಎಂಬ ಒಂದೇ ಮಾತು. ಅದನ್ನು ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳದಂತೆ ವಾರವಿಡೀ ಅಭ್ಯಾಸ ಮಾಡಿದ್ದೆ.

ಆ ಮನೆಯಲ್ಲಿ ಒಂದು ಪದ್ಧತಿ ಉಂಟು. ಎಲೆ ಹಾಕಿ ಕೋಸಂಬರಿ ಬಡಿಸುತ್ತಾರೆ. ಹುಡುಗ ಮೊದಲ ತುತ್ತು ತಿಂದ ಮೇಲೆ ಹಿರಿಯರು ಎಲ್ಲರ ಎದುರು ಅವನ ಒಪ್ಪಿಗೆ ಕೇಳುತ್ತಾರೆ. ಅವನು ಹೂಂ ಎಂದರೆ ಮಾತ್ರ ಹೋಳಿಗೆ ಎಲೆಗೆ ಬೀಳುತ್ತದೆ. ಅಂದು ತಾವು ಸಿಪ್ಪೆ ಸಮೇತ, ಬೀಜ ಸಮೇತ, ಹೆಸರುಬೇಳೆಯ ಪರಿವಾರ ಸಮೇತ ದಯಮಾಡಿಸಿದ್ದಿರಿ. ಬಿಟ್ಟರೆ ಅವಮರ್ಯಾದೆಯೆಂದು ಬಾಯಿಗಿಟ್ಟುಕೊಂಡೆ. ಒಂಬತ್ತನೇ ಸಲ ಅಗಿಯುತ್ತಿರುವಾಗ ದೊಡ್ಡತಿಮ್ಮಪ್ಪನವರು ಕೇಳಿಯೇ ಬಿಟ್ಟರು: "ಏನಪ್ಪ, ನಮ್ಮ ಹುಡುಗಿ ನಿಂಗೆ ಒಪ್ಪಿಗೆ ಐತೇನಪ್ಪ?"

ಒಂದು ನಿಮಿಷ ತಡೆಯಿರಿ ಎಂದು ಒಂದು ಬೆರಳೆತ್ತಿದೆ. "ಒಂದು ಷರತ್ತು ಐತಂತೆ" ಎಂದು ಪಂಕ್ತಿಯ ಕೊನೆಯಿಂದ ಯಾರೋ ಅಂದರು. ಮಾವ ಸಮಾಧಾನ ಮಾಡಲು ಹೋಗಿ, "ಷರತ್ತಲ್ಲ ಬಿಡ್ರಿ, ನಮ್ಮ ಹುಡುಗ ಯೋಚ್ನೆ ಮಾಡ್ತಾ ಅವ್ನೆ" ಎಂದ. "ನಮ್ಮ ಹುಡುಗಿನ ನೋಡಿ ಯೋಚ್ನೆ ಮಾಡೋದು ಏನೈತ್ರಿ?" ಎಂದು ಒಳಗಿನಿಂದ ಹೆಂಗಸರ ದನಿ ಬಂತು. ಇಪ್ಪತ್ತನಾಲ್ಕಕ್ಕೆ ತಮ್ಮದೊಂದು ಸಿಪ್ಪೆ ಎದೆಯ ನಡುವೆ ಅಡ್ಡ ಮಲಗಿತು. ಕಣ್ಣಲ್ಲಿ ನೀರು ಬಂತು. ಅದು ಸರಿದರೆ ಸಾಕೆಂದು ತಲೆಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಿದೆ. ಹುಡುಗ ಅಳುತ್ತ ಬೇಡ ಅನ್ನುತ್ತಿದ್ದಾನೆಂದು ಇಡೀ ಪಂಕ್ತಿಗೆ ಅರ್ಥವಾಯಿತು. ಬಾಗಿಲವರೆಗೆ ಬಂದಿದ್ದ ಹೋಳಿಗೆಯ ಹರಿವಾಣ ಹಾಗೆಯೇ ಹಿಂದಕ್ಕೆ ನಡೆಯಿತು. ನಾನು ಮೂವತ್ತು ಮುಗಿಸಿ, ತಮ್ಮನ್ನು ಕೆಳಗಿಳಿಸಿ, "ಒಪ್ಪಿಗೆ" ಎನ್ನುವಷ್ಟರಲ್ಲಿ ನಮ್ಮ ಟೆಂಪೋದಲ್ಲಿ ಕುಳಿತಿದ್ದೆ. ಕೇಳಿಸಿಕೊಂಡವನು ಡ್ರೈವರ್ ಒಬ್ಬನೇ. "ಯಾವುದಕ್ಕಣ್ಣ?" ಎಂದ.

ಬೇರೆ ಗಂಡು ನೋಡುವುದೋ ಬೇಡವೋ ಎಂದು ಆ ಮನೆಯವರು ಬರುವ ಬುಧವಾರ ನಿರ್ಧರಿಸುತ್ತಾರಂತೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ದಯವಿಟ್ಟು ನಾಳೆಯ ಮೊದಲ ಬಸ್ಸಿಗೆ ಹಿರಿಯೂರಿನ ಮೇಲೆ ಜವನಗೊಂಡನಹಳ್ಳಿಗೆ ಹೋಗಿ, ದೊಡ್ಡತಿಮ್ಮಪ್ಪನವರ ಜಗುಲಿಯಲ್ಲಿ ನೆಟ್ಟಗೆ ನಿಂತು, "ಆ ಹುಡುಗ ನಿರಾಕರಿಸಿದ್ದು ನನ್ನನ್ನು, ನಿಮ್ಮ ಮಗಳನ್ನಲ್ಲ" ಎಂದು ಸಾಕ್ಷಿ ನುಡಿಯಬೇಕು. ನಿಲ್ಲಲು ಆಗದಿದ್ದರೆ ಗೋಡೆಗೆ ಒರಗಿಕೊಂಡಾದರೂ ನುಡಿಯಬೇಕು. ಮುಂದಿನ ಬೆಳೆಯಿಂದ ತಮ್ಮ ಕುಲದವರು ಬಳ್ಳಿಯಲ್ಲಿರುವಾಗಲೇ ಸಿಪ್ಪೆ ಬಿಚ್ಚಿಟ್ಟು, ಬೀಜ ಉದುರಿಸಿ, ಕನಿಷ್ಠ ಹದಿನೈದು ಸಲ ತಮ್ಮನ್ನು ತಾವೇ ಅಗಿದುಕೊಂಡು ಮಾರುಕಟ್ಟೆಗೆ ಬಂದರೆ ಉಳಿದ ಹದಿನೈದನ್ನು ನಾನು ನೋಡಿಕೊಳ್ಳುತ್ತೇನೆ. ಇದಾವುದೂ ಆಗದಿದ್ದರೆ, ಇನ್ನೊಮ್ಮೆ ನನ್ನ ಬಾಯಲ್ಲಿರುವಾಗ ಯಾರಾದರೂ ಪ್ರಶ್ನೆ ಕೇಳಿದರೆ ತಾವೇ ಒಳಗಿನಿಂದ ಉತ್ತರ ಕೊಡುವ ಉಪಕಾರವನ್ನಾದರೂ ಮಾಡಬೇಕು.

ಒಂದು ಸಲಕ್ಕೆ ಒಂದೇ ತುಂಡಿನಷ್ಟು ತಮ್ಮ ವಿಶ್ವಾಸಿ,
ಓಬಳೇಶ
ಹೊಸದುರ್ಗ

ಮರೆತ ಮಾತು: ಪತ್ರ ಮಡಿಸುವಾಗ ಅಮ್ಮನ ಫೋನಿಗೆ ಶಾಂತಿಯವರೇ ಕರೆ ಮಾಡಿ, ಅಳುತ್ತ ಬೇಡ ಅಂದದ್ದೇಕೆ ಎಂದು ನನ್ನನ್ನೇ ಕೇಳಿದರು. ನಾನು ಗಾಬರಿಯಲ್ಲಿ ಆಪರೇಷನ್ನಿನಿಂದ ಸಿಪ್ಪೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ನಕ್ಕು ನಕ್ಕು ಸುಸ್ತಾಗಿ, "ನಮ್ಮಪ್ಪ ಪ್ರಶ್ನೆ ಕೇಳಿದಾಗ ಅಷ್ಟೊತ್ತು ತುಟಿ ಬಿಚ್ಚದೆ ಕುಂತೋರನ್ನ ನಾನು ನೋಡೇ ಇರ್ಲಿಲ್ಲ ಕಣ್ರಿ. ನಂಗೆ ಒಪ್ಪಿಗೆ ಐತೆ, ಅಪ್ಪಂಗೆ ನಾನು ಹೇಳ್ತೀನಿ. ಈಗಾದ್ರೂ ನೀವು ಹೇಳ್ತೀರಾ, ಇಲ್ಲ ಬಾಯಲ್ಲಿ ಏನಾದ್ರೂ ಐತಾ?" ಎಂದರು. ಬಾಯಲ್ಲಿ ಏನೂ ಇರಲಿಲ್ಲ. ಹೇಳಿದೆ. ಈ ಸಂಬಂಧ ಕುದುರಿಸಿದ್ದು ತಾವೇ ಎಂದು ದಯವಿಟ್ಟು ಹೇಳಿಕೊಂಡು ತಿರುಗಬೇಡಿ. ಮದುವೆಯ ಕೋಸಂಬರಿಗೆ ನುಣ್ಣಗೆ ತುರಿದ ಕ್ಯಾರೆಟ್ಟಿನವರನ್ನು ಗೊತ್ತುಮಾಡುವವರಿದ್ದೇವೆ. ತಾವು ಬರಲೇಬೇಕೆಂದಿದ್ದರೆ ಹಿತ್ತಲಿನಿಂದ ಬನ್ನಿ, ಅಲ್ಲಿ ಎಮ್ಮೆಗಳಿಗೆ ಬೇರೆ ಪಂಕ್ತಿ ಇರುತ್ತದೆ.